ಲಿಫ್ಟಿಗೂ ಲೆಕ್ಕ ಉಂಟು

ಬೆನ್ನಿಗೊಂದು ಚೀಲ ಹಾಕಿಕೊಂಡು ಮಂಗಳೂರಿನ ಪಂಪ್‌ವೆಲ್ಲಿನಲ್ಲಿ ಲಾರಿಗಳಿಗೆ ಕೈ ತೋರಿಸುತ್ತ ನಿಂತ ಹುಡುಗರನ್ನು ಕಂಡಾಗಲೆಲ್ಲ ಹತ್ತಿರ ಹೋಗಿ ಹೇಳಬೇಕು ಅನಿಸುತ್ತದೆ: ಮಾರಾಯ್ರೆ, ಇಲ್ಲಿ ಯಾರೂ ನಿಲ್ಲಿಸುವುದಿಲ್ಲ. ಊರಿಗೆ ಊರೇ ಜೋಕು ಮಾಡುವಷ್ಟು ಕಾಯಿಸಿ 2020ರಲ್ಲಿ ತೆರೆದುಕೊಂಡ ಮೇಲ್ಸೇತುವೆಯಲ್ಲಿ ಹೋಗುವವರಿಗೆ ನೀವು ಕಾಣುವುದೇ ಇಲ್ಲ. ಕೆಳಗೆ ಸರ್ಕಲ್ ಸುತ್ತುವವರಿಗೆ ನಿಮ್ಮನ್ನು ನೋಡಲು ಪುರಸೊತ್ತಿಲ್ಲ. ನಂತೂರಿನಲ್ಲಿ ಇನ್ನೂ ಕಷ್ಟ. ಬಂದರಿನಿಂದ ಬಂದು ಘಟ್ಟಕ್ಕೆ ಹೊರಟ ಲಾರಿಗಳು ತಿರುಗುವುದು ಅಲ್ಲೇ ನಿಜ, ಆದರೆ ಅಲ್ಲಿ ಒಬ್ಬ ಬ್ರೇಕ್ ಹಾಕಿದರೆ ಹಿಂದಿನವರೆಲ್ಲ ಹಾರ್ನ್ ಒತ್ತುತ್ತಾರೆ. ಡ್ರೈವರಿಗೆ ನಿಲ್ಲಿಸಲು ಎಲ್ಲಿ ಸುಲಭವೋ ಅಲ್ಲಿಗೆ ನಾವು ಹೋಗಬೇಕು. ಈ ವಿದ್ಯೆಯ ಮೊದಲ ಪಾಠ ಅದು.

ಹಾಗಾಗಿ ಲಿಫ್ಟ್ ಪ್ರಯಾಣ ಶುರುವಾಗುವುದು ಟಿಕೆಟ್ ತೆಗೆದುಕೊಂಡೇ. ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಸರ್ವಿಸ್ ಬಸ್ಸು ಹತ್ತಿ ಬಿ.ಸಿ.ರೋಡಿನವರೆಗೆ ಹೋಗಿ. ದಾರಿಗಳು ಬೇರೆಯಾಗುವುದು ಅಲ್ಲಿ. ಎಡಕ್ಕೆ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ. ನೇರ ಹೋದರೆ ಮಾಣಿ. ಅಲ್ಲಿಂದ ಒಂದು ಕವಲು ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ, ಇನ್ನೊಂದು ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ. ಭಾರೀ ಲಾರಿಗಳ ಹೆದ್ದಾರಿ ಶಿರಾಡಿಯದ್ದು. ಚಾರ್ಮಾಡಿಯ ತಿರುವುಗಳಲ್ಲಿ ಜೀಪು, ಕಾರು, ಪಿಕಪ್ ನಂಬಿಕೊಂಡು ನಿಲ್ಲಬೇಕು. ಮಳೆಗಾಲದಲ್ಲಿ ಯಾವ ಘಾಟಿ ತೆರೆದಿದೆ ಎಂದು ಬೆಳಗ್ಗೆ ಪತ್ರಿಕೆ ನೋಡಿಯೇ ಹೊರಡಬೇಕು. 2018ರ ಆಗಸ್ಟಿನಲ್ಲಿ ಶಿರಾಡಿಯೂ ಸಂಪಾಜೆಯೂ ಕುಸಿದು ಕರಾವಳಿ ಹೆಚ್ಚುಕಡಿಮೆ ಒಂಟಿಯಾದದ್ದು ಯಾರಿಗೂ ಮರೆತಿಲ್ಲ.

ಟೋಲ್‌ಗೇಟ್ ಎಂಬುದು ಒಂದು ಕಾಲಕ್ಕೆ ನಮ್ಮಂಥವರ ದೇವಸ್ಥಾನ. ಲಾರಿಗಳು ಸಾಲು ನಿಲ್ಲುತ್ತಿದ್ದವು, ಡ್ರೈವರು ಚಿಲ್ಲರೆ ಹುಡುಕುತ್ತಿದ್ದ, ಕಿಟಕಿ ತೆರೆದಿರುತ್ತಿತ್ತು, ಮಾತಿಗೆ ಸಮಯ ಸಿಗುತ್ತಿತ್ತು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಬ್ರಹ್ಮರಕೂಟ್ಲಿನಲ್ಲಾಗಲಿ ತಲಪಾಡಿಯಲ್ಲಾಗಲಿ ಆ ಅವಕಾಶ ಕೆಲವೇ ಕ್ಷಣಗಳಿಗೆ ಇಳಿದಿದೆ. ಈಗ ಉಳಿದಿರುವುದು ಚಹಾದ ಅಂಗಡಿ, ಪಂಕ್ಚರ್ ಅಂಗಡಿ ಮತ್ತು ವೇಬ್ರಿಜ್. ಇವುಗಳಲ್ಲಿ ಚಹಾದ ಅಂಗಡಿಯೇ ಶ್ರೇಷ್ಠ. ನಿಂತ ಲಾರಿಯ ಹತ್ತಿರ ಹೋಗಿ ಕೇಳುವುದು ಓಡುವ ಲಾರಿಗೆ ಕೈ ತೋರಿಸುವುದಕ್ಕಿಂತ ಎಷ್ಟೋ ಮೇಲು. ಡ್ರೈವರಿಗೆ ನಿಮ್ಮ ಮುಖ ನೋಡಲು ಸಮಯ ಸಿಗುತ್ತದೆ, ನಿಮಗೆ ಅವನ ಕಣ್ಣು ನೋಡಲು.

ಕೇಳುವ ಮೊದಲು ನಂಬರ್ ಪ್ಲೇಟ್ ಓದಿ. ಈ ಹವ್ಯಾಸದ ನಿಜವಾದ ರುಚಿ ಇರುವುದು ಇಲ್ಲಿ. ಕೆಎ 19 ಮಂಗಳೂರು, 20 ಉಡುಪಿ, 21 ಪುತ್ತೂರು, 70 ಬಂಟ್ವಾಳ. ಸಂಜೆ ಹೊತ್ತಿಗೆ ಘಟ್ಟದ ಕಡೆ ಮುಖ ಮಾಡಿದ ಕೆಎ 21ರ ಪಿಕಪ್ ಬಹುಪಾಲು ಪುತ್ತೂರಿನ ಮನೆಗೆ ಹೊರಟಿರುತ್ತದೆ. ಅದನ್ನು ಬೆಂಗಳೂರಿಗೆ ಕೇಳಿ ಪ್ರಯೋಜನವಿಲ್ಲ. ಕೆಎ 13 ಹಾಸನ, 46 ಸಕಲೇಶಪುರ, 06 ತುಮಕೂರು, 52 ನೆಲಮಂಗಲ: ಇವು ಮನೆಗೆ ಮರಳುವ ಗಾಡಿಗಳು. ಹಗ್ಗ ಸಡಿಲಿಸಿ ಟರ್ಪಾಲು ಮಡಚಿಟ್ಟಿದ್ದರೆ ಖಾಲಿ ಎಂದರ್ಥ, ವೇಗವಾಗಿ ಹತ್ತುತ್ತದೆ. ಟರ್ಪಾಲು ಬಿಗಿದು ಟೈರು ತಗ್ಗಿದ್ದರೆ ಬಂದರಿನ ಲೋಡು. ಗುಂಡ್ಯದಿಂದ ಮೇಲೆ ನಡೆಯುವವನ ವೇಗ, ಆದರೆ ಕಾಡು ನೋಡಲು ಅದಕ್ಕಿಂತ ಒಳ್ಳೆಯ ಆಸನ ಇಲ್ಲ. ಟಿಎನ್ 28 ಎಂದಿದ್ದರೆ ನಾಮಕ್ಕಲ್. ಮಂಗಳೂರಿನಿಂದ ಹೊರಡುವ ಗ್ಯಾಸ್ ಟ್ಯಾಂಕರುಗಳಲ್ಲಿ ಆ ಕಡೆಯವೇ ಹೆಚ್ಚು. ಟ್ಯಾಂಕರಿಗೆ ಮಾತ್ರ ಎಂದೂ ಕೈ ತೋರಿಸಬೇಡಿ. 2013ರ ಏಪ್ರಿಲಿನಲ್ಲಿ ಇದೇ ದಾರಿಯ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ದಾರಿ ಬದಿಯ ಮನೆಗಳವರೂ ಜೀವ ಕಳೆದುಕೊಂಡರು. ಹೊರಗಿನವರನ್ನು ಹತ್ತಿಸಿದರೆ ಡ್ರೈವರನ ಕೆಲಸಕ್ಕೂ ಕುತ್ತು. ಇನ್ನು ದಕ್ಕೆಯಿಂದ ಹೊರಟ ಮೀನಿನ ಲಾರಿ, ಅದು ಯಾರಿಗೂ ನಿಲ್ಲುವುದಿಲ್ಲ. ಅದು ಓಡುವುದು ಐಸು ಕರಗುವುದರೊಳಗೆ ಮಾರುಕಟ್ಟೆ ಸೇರಲು.

ಸಿನಿಮಾದಲ್ಲಿ ಕಂಡಂತೆ ಹೆಬ್ಬೆರಳು ಎತ್ತಬೇಡಿ, ನಮ್ಮವರು ‘ಎಲ್ಲ ಸರಿ ಉಂಟು’ ಎಂದುಕೊಂಡು ಮುಂದೆ ಹೋಗುತ್ತಾರೆ. ಬಸ್ಸಿಗೆ ಮಾಡುವಂತೆ ಅಂಗೈ ಕೆಳಗೆ ಮಾಡಿ ಮೆಲ್ಲ ಆಡಿಸಿದರೆ ಸಾಕು. ‘ಅಣ್ಣ’ ಎಂದರೆ ತುಳುವಿಗೂ ಕನ್ನಡಕ್ಕೂ ತಮಿಳಿಗೂ ನಡೆಯುತ್ತದೆ. ‘ಓಡೆ ಪೋಪಿನಿ?’ (ಎಲ್ಲಿಗೆ ಹೋಗುವುದು?) ಎಂದು ತುಳುವಿನಲ್ಲಿ ಕೇಳಿದವರಿಗೆ ಬೆಂಗಳೂರು ಎಂದು ಉತ್ತರಿಸಿದರೆ ಗಾಬರಿಯಾಗುತ್ತಾರೆ. ಅಷ್ಟು ದೂರಕ್ಕೆ ಅಪರಿಚಿತನ ಜವಾಬ್ದಾರಿ ಯಾರಿಗೆ ಬೇಕು? ಉಪ್ಪಿನಂಗಡಿ ಎನ್ನಿ. ಅಷ್ಟರೊಳಗೆ ಮಾತು ಹೊಂದಿದರೆ ಅವರೇ ‘ಸಕಲೇಶಪುರದವರೆಗೆ ಬನ್ನಿ, ನಾನು ಒಬ್ಬನೇ’ ಎನ್ನುತ್ತಾರೆ.

ಆ ‘ನಾನು ಒಬ್ಬನೇ’ ಎಂಬುದರಲ್ಲಿ ಇಡೀ ವ್ಯವಹಾರ ಅಡಗಿದೆ. ಹಿಂದೆ ಪ್ರತಿ ಲಾರಿಯಲ್ಲೂ ಒಬ್ಬ ಕ್ಲೀನರ್ ಇರುತ್ತಿದ್ದ. ಹಿಂದಿನ ಗಾಡಿ ನೋಡಿ ‘ಬರ್ಲಿ ಬರ್ಲಿ’ ಎನ್ನುವುದು, ಗಾಜು ಒರೆಸುವುದು, ಡ್ರೈವರನ ಕಣ್ಣು ತೂಗಿದಾಗ ಮಾತಿಗೆಳೆಯುವುದು ಅವನ ಕೆಲಸ. ಈಗ ಖರ್ಚು ಉಳಿಸಲು ಎಷ್ಟೋ ಲಾರಿಗಳು ಕ್ಲೀನರ್ ಇಲ್ಲದೆ ಓಡುತ್ತವೆ. ನೀವು ಕೂರುವುದು ಅವನು ಬಿಟ್ಟುಹೋದ ಜಾಗದಲ್ಲಿ. ಆದ್ದರಿಂದ ಕ್ಯಾಬಿನ್ನಿನಲ್ಲಿ ನಿದ್ದೆ ಮಾಡುವವನು ನನ್ನ ಲೆಕ್ಕದಲ್ಲಿ ಕಳ್ಳ ಪ್ರಯಾಣಿಕ. ಇಯರ್‌ಫೋನ್ ಹಾಕಿಕೊಳ್ಳುವವನೂ ಅಷ್ಟೆ. ಟೈರಿನ ಬೆಲೆ, ಮಗಳ ಪರೀಕ್ಷೆ, ಲೋಡಿಂಗಿಗೆ ಕಾದ ದಿನಗಳು, ಎಲ್ಲವನ್ನೂ ಕೇಳಿಸಿಕೊಳ್ಳಬೇಕು. ನಿಮ್ಮ ಟಿಕೆಟ್ಟು ಅದೇ.

ದುಡ್ಡಿನ ಬದಲು ಮನುಷ್ಯರನ್ನು ನೆಚ್ಚುವ ಈ ಕ್ರಮವನ್ನು ಹಣವಿಲ್ಲದ ಪ್ರಯಾಣದ ತತ್ವವಾಗಿಯೇ ಹೇಳಿದವರು ವಿನೋಬಾ ಭಾವೆ. ಬೆಂಗಳೂರಿನಲ್ಲಿ ಅವರ ಆಶ್ರಮದ ಒಡನಾಟದಲ್ಲಿದ್ದ ಇ.ಪಿ. ಮೆನನ್ ಮತ್ತು ಸತೀಶ್ ಕುಮಾರ್ ಎಂಬ ಇಬ್ಬರು ತರುಣರು ಅಣ್ವಸ್ತ್ರಗಳ ವಿರುದ್ಧ ಜಗತ್ತು ನಡೆಯುವುದೆಂದು ನಿರ್ಧರಿಸಿದ್ದು ಇದೇ ಬೆಂಗಳೂರಿನ ಒಂದು ಹೋಟೆಲಿನಲ್ಲಿ, ಕಾಫಿ ಕುಡಿಯುತ್ತ. ಮುದುಕ ಬರ್ಟ್ರಂಡ್ ರಸೆಲ್ ಅದೇ ಕಾರಣಕ್ಕೆ ಜೈಲಿಗೆ ಹೋದ ಸುದ್ದಿ ಓದಿ ಅವರಿಗೆ ನಾಚಿಕೆಯಾಗಿತ್ತು. 1962ರ ಜೂನಿನಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟು ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ ಮುಟ್ಟಿದರು. ಹೊರಡುವಾಗ ವಿನೋಬಾ ಕೊಟ್ಟ ಬುತ್ತಿ ಎಂದರೆ ಜೇಬಿನಲ್ಲಿ ಕಾಸು ಇರಕೂಡದು ಎಂಬ ಮಾತು. ಕಾಸಿದ್ದರೆ ದಣಿದ ಹೊತ್ತಿಗೆ ಲಾಡ್ಜು ಹುಡುಕುತ್ತೀರಿ, ಇಲ್ಲದಿದ್ದರೆ ಮನುಷ್ಯರನ್ನು ಹುಡುಕುತ್ತೀರಿ ಎಂಬುದು ಅದರ ತಾತ್ಪರ್ಯ. ಮೆನನ್ ಆಮೇಲೆ ಬೆಂಗಳೂರಿನಲ್ಲೇ ನೆಲೆಸಿದರು. ನಮ್ಮ ನಾಡಿನಲ್ಲಿ ಲಿಫ್ಟ್ ಸಂಪ್ರದಾಯಕ್ಕೊಬ್ಬ ಮೂಲಪುರುಷ ಬೇಕೆಂದರೆ ನಾನು ಅವರ ಹೆಸರು ಹೇಳುತ್ತೇನೆ.

ಆದರೆ ಮಾತಿನಿಂದ ತೀರದ ಒಂದು ಬಾಕಿ ಉಂಟು. ಸರಕು ಸಾಗಿಸುವ ಗಾಡಿಯಲ್ಲಿ ಪುಕ್ಕಟೆ ಕೂತವನು ಅಪಘಾತದಲ್ಲಿ ಸತ್ತರೆ ಅಥವಾ ಕೈಕಾಲು ಕಳೆದುಕೊಂಡರೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಕೊನೆಯಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿತು. ಹೊಣೆ ಗಾಡಿಯ ಮಾಲೀಕನ ಮೇಲೆ ಬೀಳುತ್ತದೆ. ಎಷ್ಟೋ ಕಡೆ ಡ್ರೈವರೇ ಮಾಲೀಕ, ಲಾರಿ ಇನ್ನೂ ಸಾಲದಲ್ಲಿರುತ್ತದೆ. ಬೈಕಿನ ಕಥೆಯೂ ಬೇರೆಯಲ್ಲ. ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿದ ಬೈಕಿನ ಹಿಂಬದಿ ಸವಾರನಿಗೆ ಆ ವಿಮೆ ಸಿಗದು ಎಂದು 2006ರಲ್ಲಿ ಅದೇ ಕೋರ್ಟ್ ತಿಲಕ್ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿತು. ಪೆಟ್ರೋಲಿಗೆಂದು ದುಡ್ಡು ಕೊಟ್ಟು ಸರಿಮಾಡಿಕೊಳ್ಳೋಣ ಎಂದರೆ ಅದೂ ತೊಡಕು: ಬಿಳಿ ಪ್ಲೇಟಿನ ಗಾಡಿ ಬಾಡಿಗೆ ಪಡೆಯುವಂತಿಲ್ಲ. 2018ರಲ್ಲಿ ನವಿ ಮುಂಬೈಯಲ್ಲಿ ಮಳೆಗೆ ಸಿಕ್ಕಿಕೊಂಡವರಿಗೆ ಪುಕ್ಕಟೆ ಲಿಫ್ಟ್ ಕೊಟ್ಟ ಕಾರಿನವರೊಬ್ಬರೂ ದಂಡ ಕಟ್ಟಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ನಾವು ಉಳಿಸುವ ಬಸ್ ಚಾರ್ಜು ನೂರಿನ್ನೂರು. ನಮ್ಮನ್ನು ಹತ್ತಿಸಿಕೊಂಡವನು ಒತ್ತೆ ಇಡುವುದು ಅವನ ಲಾರಿಯನ್ನೇ. ಇದು ಗೊತ್ತಿದ್ದರೆ ‘ಇಲ್ಲಪ್ಪ’ ಎಂದು ಕೈಯಾಡಿಸಿ ಹೋದ ಡ್ರೈವರನ ಮೇಲೆ ಸಿಟ್ಟು ಬರುವುದಿಲ್ಲ.

ಸುರತ್ಕಲ್ಲಿಗೆ ಹೋದರೆ ಲಾರಿಯೇ ಲಿಫ್ಟ್ ಹಿಡಿಯುವುದನ್ನು ನೋಡಬಹುದು. ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿ 2004ರಲ್ಲಿ ಸುರತ್ಕಲ್‌ವರೆಗೆ ತಂದ ರೋರೋ ಸೇವೆಯಲ್ಲಿ ತುಂಬಿದ ಲಾರಿಗಳು ಸಾಲಾಗಿ ರೈಲಿನ ಬಯಲು ಬೋಗಿ ಹತ್ತಿ ಮಹಾರಾಷ್ಟ್ರದ ಕೋಲಾಡಿಗೆ ಹೋಗುತ್ತವೆ. ಡ್ರೈವರು ತನ್ನ ಸೀಟಿನಲ್ಲೇ ಕೂತು, ಸ್ಟೇರಿಂಗ್ ಮುಟ್ಟದೆ, ಶರಾವತಿ, ಕಾಳಿ ದಾಟುತ್ತಾನೆ. ಅಲ್ಲಿ ತೂಕ ನೋಡಿ ಬಾಡಿಗೆ. ಡೀಸೆಲ್ಲು ಉಳಿಯಿತು, ಟೈರು ಸವೆಯಲಿಲ್ಲ, ರಶೀದಿ ಕೈಯಲ್ಲಿದೆ. ಯಾರ ಋಣವೂ ಇಲ್ಲ.

ಬೇರೆ ದೇಶಗಳು ಈ ಋಣಕ್ಕೂ ರಶೀದಿ ಮಾಡಿ ನೋಡಿವೆ. ಪೋಲೆಂಡಿನಲ್ಲಿ 1950ರ ದಶಕದ ಕೊನೆಯಿಂದ ಲಿಫ್ಟ್ ಕೇಳುವವರಿಗೆ ಸಣ್ಣ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಕಿಲೋಮೀಟರ್ ಬರೆದ ಕೂಪನ್ನುಗಳು. ಹತ್ತಿಸಿಕೊಂಡ ಡ್ರೈವರಿಗೆ ದೂರಕ್ಕೆ ತಕ್ಕಷ್ಟು ಕೂಪನ್ ಹರಿದು ಕೊಡಬೇಕು, ಹೆಚ್ಚು ಕೂಡಿಸಿದವರಿಗೆ ಬಹುಮಾನ. ಕ್ಯೂಬಾದಲ್ಲಿ 1990ರ ದಶಕದ ಇಂಧನ ಬರಗಾಲದಲ್ಲಿ ಹಳದಿ ಸಮವಸ್ತ್ರದ ನೌಕರರು ರಸ್ತೆ ಬದಿ ನಿಂತು ಖಾಲಿ ಸೀಟಿನ ಸರ್ಕಾರಿ ಗಾಡಿಗಳನ್ನು ತಡೆದು ಜನರನ್ನು ಸರದಿಯಂತೆ ಹತ್ತಿಸಿದರು.

ನಮ್ಮ ತೀರದ ಲೆಕ್ಕ ಇನ್ನೂ ಹಳೆಯದು. 1340ರ ದಶಕದಲ್ಲಿ ಈ ಕರಾವಳಿಗೆ ಬಂದ ಮೊರಾಕ್ಕೊದ ಇಬ್ನ್ ಬತೂತಾ ಮಲಬಾರ್ ದಾರಿಯನ್ನು ಹೊಗಳಿ ಬರೆದಿದ್ದಾನೆ: ಉದ್ದಕ್ಕೂ ಮರದ ನೆರಳು, ಅರ್ಧ ಮೈಲಿಗೊಂದು ಮರದ ಚಾವಡಿ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಮಂಜರೂರು ಎಂದು ಅವನು ಕರೆದ ಮಂಗಳೂರು ಆ ದಾರಿಯಲ್ಲೇ ಬರುತ್ತದೆ. ಆದರೆ ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ. ತಮ್ಮವರಿಗೆ ಪಾತ್ರೆಯಲ್ಲಿ ನೀರು, ಮುಸ್ಲಿಮನಾದರೆ ಬೊಗಸೆಗೆ ಸುರಿಯುವುದು. ಧರ್ಮಕ್ಕೆ ಕೊಟ್ಟ ನೀರಿಗೂ ಮಡಿಯ ಸುಂಕ ಇತ್ತು. ಇಂದು ಶಿವರಾತ್ರಿಗೆ ಬೆಂಗಳೂರು ಕಡೆಯಿಂದ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರಿಗೆ ದಾರಿಯುದ್ದ ಮಜ್ಜಿಗೆ, ಬಾಳೆಹಣ್ಣು ಕೊಡುವವರಿದ್ದಾರೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿಗಳಲ್ಲಿ ಮಧ್ಯಾಹ್ನ ಎಲೆ ಮುಂದೆ ಕೂತವನಿಗೆ ಬಿಲ್ಲು ಬರುವುದಿಲ್ಲ. ಅದನ್ನು ಯಾರೋ ಅನ್ನದಾನಕ್ಕೆಂದು ಮೊದಲೇ ಕಟ್ಟಿರುತ್ತಾರೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸು ಹತ್ತುವ ಹೆಣ್ಣುಮಕ್ಕಳಿಗೆ ಕಂಡಕ್ಟರು ಶೂನ್ಯ ಟಿಕೆಟ್ ಕೊಡುತ್ತಾರೆ, ದುಡ್ಡು ಖಜಾನೆಯಿಂದ ಹೋಗುತ್ತದೆ. ಖಾಸಗಿ ಬಸ್ಸುಗಳೇ ಆಳುವ ಮಂಗಳೂರಿನೊಳಗೆ ಅದರ ಉಪಯೋಗ ಕಡಿಮೆ. ಆದರೆ ಬಿಜೈ ನಿಲ್ದಾಣದಿಂದ ಘಟ್ಟ ಹತ್ತುವ ಒಂಟಿ ಹುಡುಗಿಗೆ ನಾನು ಲಾರಿಯ ಬದಲು ಆ ಬಸ್ಸನ್ನೇ ಹೇಳುತ್ತೇನೆ. ರಾತ್ರಿ ಲಿಫ್ಟ್ ಯಾರಿಗೂ ಹೇಳುವುದಿಲ್ಲ.

ಅಗ್ಗದ ಪ್ರಯಾಣಿಕ ಎಂದು ಬೀಗುವವರು ತಾವು ಖರ್ಚು ಮಾಡದ ಮೊತ್ತವನ್ನು ಹೇಳಿಕೊಳ್ಳುತ್ತಾರೆ. ಅದನ್ನು ಯಾರು ಕಟ್ಟಿದರು ಎಂದು ಹೇಳುವವರು ಕಡಿಮೆ. ನನ್ನ ನಿಯಮಗಳು ಸರಳ: ಇಳಿದಲ್ಲಿ ಚಹಾ, ಬನ್ಸಿನ ದುಡ್ಡು ನನ್ನದು, ಡ್ರೈವರು ಬೇಡವೆಂದರೂ ಗಲ್ಲಾದವರ ಹತ್ತಿರ ಮೊದಲೇ ಕೊಟ್ಟಿರಬೇಕು. ಉಂಡಲ್ಲಿ ಹುಂಡಿಗೆ ಒಂದು ನೋಟು. ಡ್ರೈವರನ ಕಥೆಯನ್ನು ಅವನ ಹೆಸರು, ನಂಬರ್ ಸಮೇತ ಊರಿಗೆಲ್ಲ ಹಂಚುವಂತಿಲ್ಲ, ಏಕೆಂದರೆ ಅವನ ಧಣಿಗೂ ಫೋನ್ ಉಂಟು. ನಾಲ್ಕನೆಯದು ಮನೆಯಲ್ಲಿ ಬೈಕ್ ಇರುವವರಿಗೆ. ತೊಕ್ಕೊಟ್ಟಿನಿಂದ ಕೊಣಾಜೆಯ ಕಡೆ, ಸುರತ್ಕಲ್ಲಿನಿಂದ ಕಾಟಿಪಳ್ಳದ ಕಡೆ ಬಸ್ಸು ತಪ್ಪಿದ ಹುಡುಗರು ಕೈ ತೋರಿಸುತ್ತಾರೆ. ನಿಲ್ಲಿಸಲು ಮನಸ್ಸಿರುವವರೂ ಹೆಲ್ಮೆಟ್ ಒಂದೇ ಇದೆ ಎಂದು ಮುಂದೆ ಹೋಗುತ್ತಾರೆ. ಕರ್ನಾಟಕದಲ್ಲಿ ಹಿಂಬದಿ ಸವಾರನಿಗೂ ಅದು 2016ರಿಂದ ಕಡ್ಡಾಯ. ಲಾರಿಯವರ ಉಪಕಾರ ಉಂಡವನು ಬೈಕಿಗೆ ಎರಡನೇ ಹೆಲ್ಮೆಟ್ ಒಂದನ್ನು ಸಿಕ್ಕಿಸಿಕೊಂಡು, ವಿಮೆಯನ್ನು ಥರ್ಡ್ ಪಾರ್ಟಿಯಿಂದ ಫುಲ್‌ಗೆ ಏರಿಸಿದರೆ ಅವನ ಬಾಕಿ ಸ್ವಲ್ಪವಾದರೂ ಇಳಿಯುತ್ತದೆ.