ಬೆಟ್ಟಕ್ಕೆ ಬಂದವರಿಗೆ ಪೇಟೆಯ ಲಾಡ್ಜು

ಶಿವಮೊಗ್ಗದಲ್ಲೊಂದು ಹೊಸಮನೆ, ಇಪ್ಪತ್ತು ಕಿಲೋಮೀಟರ್ ಆಚೆ ಭದ್ರಾವತಿಯಲ್ಲೊಂದು ಹೊಸಮನೆ. ಎರಡೂ ಜನ ವಾಸವಿರುವ ಬಡಾವಣೆಗಳು, ಪ್ರವಾಸಿಗೆ ನೋಡಲು ಅಲ್ಲಿ ಏನೂ ಇಲ್ಲ. ಆದರೆ ಜೋಗ ಮೈದುಂಬಿದ ಸುದ್ದಿ ಟೀವಿಯಲ್ಲಿ ಬಂದಿತೋ ಇಲ್ಲವೋ, ಇಲ್ಲಿಯ ಮನೆಗಳಿಗೆ ಬೆಂಗಳೂರಿನ ನೆಂಟರ ಫೋನು ಶುರುವಾಗುತ್ತದೆ. “ನಿಮಗೆ ತೊಂದ್ರೆ ಕೊಡಲ್ಲ ಚಿಕ್ಕಪ್ಪ, ಕಡಿಮೇಲಿ ಒಂದು ಒಳ್ಳೇ ಲಾಡ್ಜ್ ಹೇಳಿ ಸಾಕು. ರಾತ್ರಿ ಮಲಗೋಕೆ ಅಷ್ಟೇ.” ಬಾಡಿಗೆ ಎಷ್ಟು ಎಂದು ಕೇಳುತ್ತಾರೆ, ಹಾಸಿಗೆ ಶುಚಿಯಾಗಿದೆಯೇ ಎಂದು ಕೇಳುತ್ತಾರೆ. ಯಾವ ಬೆಟ್ಟಕ್ಕೆ ಹೊರಟಿದ್ದೀರಿ ಎಂದು ನಾವು ತಿರುಗಿ ಕೇಳಿದರೆ ಮಾತ್ರ “ಎಲ್ಲಾ ಅಲ್ಲೇ ಹತ್ರ ಅಲ್ವಾ?” ಅನ್ನುತ್ತಾರೆ.

ಹತ್ತಿರವೇನಲ್ಲ. ಶಿವಮೊಗ್ಗದಿಂದ ಜೋಗ ಸುಮಾರು ನೂರು ಕಿಲೋಮೀಟರ್, ಆಗುಂಬೆ ತೊಂಬತ್ತರ ಆಸುಪಾಸು. ಇಲ್ಲಿ ರೂಂ ಹಿಡಿದು ದಿನವೂ ಬೆಟ್ಟಕ್ಕೆ ಹೋಗಿಬರುವ ಪದ್ಧತಿ ಎಷ್ಟೋ ವರ್ಷಗಳಿಂದ ನಡೆದಿದೆ. ಅಗ್ಗ ಎಂಬ ಒಂದೇ ಕಾರಣಕ್ಕೆ ಅದನ್ನು ಹೊಗಳುವವರಿದ್ದಾರೆ, ಕಿಟಕಿ ತೆಗೆದರೆ ಬೆಟ್ಟ ಕಾಣುವುದಿಲ್ಲವೆಂದು ಬೈಯುವವರಿದ್ದಾರೆ. ಇಬ್ಬರ ಅಳತೆಗೋಲೂ ತಪ್ಪು ಎಂಬುದು ನನ್ನ ತಕರಾರು. ಅಗ್ಗದ ವಸತಿಯನ್ನು ತೂಗಬೇಕಾದದ್ದು ಅದು ನಿಮ್ಮ ಹಗಲಿನಲ್ಲಿ ಎಷ್ಟು ಹೊತ್ತನ್ನು ಉಳಿಸಿಕೊಡುತ್ತದೆ ಎನ್ನುವುದರಿಂದ.

ಮೊದಲು ಈ ಲಾಡ್ಜುಗಳು ಯಾರಿಗಾಗಿ ಹುಟ್ಟಿದವು ಎಂದು ನೋಡಬೇಕು. ಬಿ.ಎಚ್. ರಸ್ತೆ, ನೆಹರೂ ರಸ್ತೆ, ದುರ್ಗಿಗುಡಿ, ಬಸ್ ನಿಲ್ದಾಣದ ಆಜೂಬಾಜು ಇರುವ ಹಳೆಯ ಲಾಡ್ಜುಗಳ ರಿಜಿಸ್ಟರಿನಲ್ಲಿ ಪ್ರವಾಸಿ ಎಂಬವನು ತೀರ ಈಚಿನವನು. ಮಂಡಿಗೆ ಅಡಿಕೆ ತಂದು ರೇಟಿಗಾಗಿ ಕಾಯುವ ಬೆಳೆಗಾರ, ವಾಯಿದೆಗೆ ಬಂದ ಕಕ್ಷಿದಾರ, ಮೆಗ್ಗಾನ್ ಆಸ್ಪತ್ರೆಯಲ್ಲಿ ಮಲಗಿರುವವರ ಕಡೆಯವರು, ಮಗಳನ್ನು ಕಾಲೇಜಿಗೆ ಸೇರಿಸಲು ಬಂದ ಅಪ್ಪ, ಔಷಧ ಕಂಪನಿಯ ರೆಪ್, ಮದುವೆ ದಿಬ್ಬಣದ ಗಂಡಸರು, ಇವರೇ ಅಲ್ಲಿಯ ಖಾಯಂ ಗಿರಾಕಿಗಳು. ಇವರಲ್ಲಿ ಯಾರಿಗೂ ನೋಟ ಬೇಕಾಗಿರಲಿಲ್ಲ. ಬಸ್ ಸ್ಟ್ಯಾಂಡು ಕಾಲ್ನಡಿಗೆಯಲ್ಲಿರಬೇಕು, ಬೆಳಿಗ್ಗೆ ಬಿಸಿನೀರು ಬರಬೇಕು, ಕೆಳಗಿಳಿದರೆ ಕಾಫಿ ಸಿಗಬೇಕು, ಬ್ಯಾಗು ಭದ್ರವಾಗಿರಬೇಕು. ಹಾಗಾಗಿ ಕಿಟಕಿ ಪಕ್ಕದ ಕಟ್ಟಡದ ಗೋಡೆಗೇ ತೆರೆದುಕೊಂಡರೂ ಯಾರೂ ಕೇಳಲಿಲ್ಲ. ಲಾಡ್ಜು ಅವರ ಅವಸರಕ್ಕೆ ತಕ್ಕಂತೆ ತಯಾರಾಯಿತು. ವಿಚಿತ್ರವೆಂದರೆ ಬೆಟ್ಟ ಹತ್ತುವವನ ಅವಸರವೂ ಹೆಚ್ಚುಕಡಿಮೆ ಅದೇ.

ಈ ಪರಂಪರೆಯ ಅತ್ಯುತ್ತಮ ಕೊಡುಗೆ ಕೌಂಟರಿನ ಹಿಂದಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತಿದ್ದ “24 ಗಂಟೆ ಚೆಕ್‌ಔಟ್”. ಇದರ ಬೆಲೆ ಗೊತ್ತಾಗಬೇಕಾದರೆ ಲೆಕ್ಕ ಹಾಕಿ ನೋಡಬೇಕು. ಬೆಂಗಳೂರಿನ ರಾತ್ರಿ ಬಸ್ಸು ಶನಿವಾರ ಬೆಳಗಿನ ಜಾವ ಐದಕ್ಕೆ ಇಳಿಸುತ್ತದೆ. ರೂಂ ಹಿಡಿದು, ಸ್ನಾನ ಮುಗಿಸಿ, ತಿಂಡಿ ತಿಂದು ಹೊರಟರೆ ಆನೆಗಳು ತುಂಗೆಯಲ್ಲಿ ಮೀಯುವ ಹೊತ್ತಿಗೆ ಸಕ್ರೆಬೈಲು ಸೇರಬಹುದು. ಸಂಜೆ ಮರಳಿ, ಒಂದು ನಿದ್ದೆ ಮುಗಿಸಿ, ಭಾನುವಾರ ಐದಕ್ಕೆ ರೂಂ ಬಿಟ್ಟು, ಬ್ಯಾಗನ್ನು ಕೌಂಟರಿನ ಹಿಂದೆ ಇಟ್ಟು ಆಗುಂಬೆಗೆ ಹೋಗಿ, ರಾತ್ರಿ ಬಸ್ಸೋ ರೈಲೋ ಹಿಡಿಯಬಹುದು. ಎರಡು ಪೂರ್ತಿ ಹಗಲು, ಒಂದೇ ಬಾಡಿಗೆ. ಈಗ ಮೊಬೈಲ್ ಆ್ಯಪುಗಳ ಮೂಲಕ ರೂಂ ಮಾರುವ ಲಾಡ್ಜುಗಳು ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ, ಮರುದಿನ ಹನ್ನೊಂದಕ್ಕೆ ಹೊರಗೆ ಎಂಬ ನಿಯಮಕ್ಕೆ ಬಂದಿವೆ. ಬೆಳಗಿನ ಜಾವ ಬಂದವನು ಸೋಫಾದ ಮೇಲೆ ಕೂತು ತೂಕಡಿಸಬೇಕು, ಇಲ್ಲವೇ ಅರ್ಧ ದಿನದ ಬಾಡಿಗೆ ಹೆಚ್ಚು ಕೊಡಬೇಕು. ತೆರೆಯ ಮೇಲೆ ಮುನ್ನೂರು ರೂಪಾಯಿ ಕಡಿಮೆ ಕಾಣಿಸಿದ ರೂಂ ಹೀಗೆ ಐನೂರು ರೂಪಾಯಿ ದುಬಾರಿಯಾಗುತ್ತದೆ. ಹೊಸ ಬೆಡ್‌ಶೀಟು, ಗೋಡೆಗೆ ಹೊಸ ಬಣ್ಣ ಆ್ಯಪುಗಳಿಂದ ಬಂದವು, ಒಪ್ಪೋಣ. ಹೋದದ್ದು ಅದಕ್ಕಿಂತ ದೊಡ್ಡದು.

ತೆರಿಗೆಯ ಮಾತನ್ನೂ ಆಡಿಬಿಡೋಣ. ದಿನಕ್ಕೆ 1000 ರೂಪಾಯಿವರೆಗಿನ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ 12 ಪರ್ಸೆಂಟ್ ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7500 ರೂಪಾಯಿವರೆಗಿನ ರೂಮುಗಳಿಗೆಲ್ಲ 5 ಪರ್ಸೆಂಟ್. ಅಂದರೆ ಫ್ಯಾನು ಮಾತ್ರ ಇರುವ ಸಿಂಗಲ್ ರೂಮಿಗೂ ಕಣಿವೆ ಕಾಣುವ ಕಾಟೇಜಿಗೂ ಈಗ ಒಂದೇ ದರ. ಬಡವನ ರೂಮು ಎಂಬ ಪ್ರತ್ಯೇಕ ಲೆಕ್ಕವನ್ನು ಸರ್ಕಾರವೇ ಕೈಬಿಟ್ಟಿದೆ.

ಮಳೆಗಾಲದಲ್ಲಿ ಪೇಟೆಯ ಲಾಡ್ಜಿಗೆ ಇನ್ನೊಂದು ಗುಣ ಸೇರಿಕೊಳ್ಳುತ್ತದೆ, ಅದನ್ನು ಯಾರೂ ಬೋರ್ಡಿನಲ್ಲಿ ಬರೆಯುವುದಿಲ್ಲ: ಅಲ್ಲಿ ಬಟ್ಟೆ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಕಾಡಿನಂಚಿನ ಅಗ್ಗದ ರೂಮಿನಲ್ಲಿ ಜುಲೈ ತಿಂಗಳ ಒಂದು ರಾತ್ರಿ ಕಳೆದವರಿಗೆ ಈ ವ್ಯತ್ಯಾಸ ಮೈಗೇ ಗೊತ್ತು. ಹಾಸಿಗೆಗೆ ಕೈಯಿಟ್ಟರೆ ತಂಪೋ ಒದ್ದೆಯೋ ತಿಳಿಯದು, ದಿಂಬಿನಲ್ಲಿ ಬೂಸಲು ವಾಸನೆ, ಗೋಡೆಯ ಕೆಳಗಿನ ಎರಡು ಅಡಿ ಕಪ್ಪು. ಉಂಬಳ ಕಚ್ಚಿದ ಜಾಗದಿಂದ ರಕ್ತ ಹರಿದು ಕಾಲುಚೀಲಕ್ಕೆ ಅಂಟಿರುತ್ತದೆ. ಅದನ್ನು ತೊಳೆದು ಹರವಿದರೆ ಬೆಳಿಗ್ಗೆ ಇನ್ನಷ್ಟು ಒದ್ದೆ. ಕರೆಂಟು ಹೋದರೆ ಮುಗಿಯಿತು. ಮಲೆನಾಡಿನ ಹಳೇ ಮನೆಗಳು ಇದಕ್ಕೆ ಉಪಾಯ ಕಂಡುಕೊಂಡಿದ್ದವು. ದಿನವಿಡೀ ಉರಿಯುವ ಬಚ್ಚಲೊಲೆ, ಅದರ ಮೇಲೆ ಹಂಡೆ, ಹಂಡೆಗೂ ಮೇಲೆ ಅಡ್ಡಲಾಗಿ ಕಟ್ಟಿದ ಗಳು. ನೀರು ಕಾಯುವ ಬೆಂಕಿಯಲ್ಲೇ ಬಟ್ಟೆಯೂ ಒಣಗಿ ಸಣ್ಣಗೆ ಹೊಗೆ ವಾಸನೆ ಹೊಡೆಯುತ್ತಿತ್ತು. “ಮಲೆನಾಡ ಸೊಗಡು” ಎಂದು ಹೆಂಚು ಹೊದಿಸಿ, ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿದ ಬಜೆಟ್ ರೆಸಾರ್ಟುಗಳು ಆ ಮನೆಯಿಂದ ಹೆಂಚನ್ನು ತಂದವು, ಬಚ್ಚಲೊಲೆಯನ್ನು ಬಿಟ್ಟು ಬಂದವು. ಶಿವಮೊಗ್ಗದ ಲಾಡ್ಜಿನಲ್ಲಾದರೆ ಪ್ಯಾಂಟನ್ನು ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಹಾಕಿ, ಜೇಬುಗಳನ್ನು ಹೊರಗೆಳೆದು, ಫ್ಯಾನನ್ನು ಐದಕ್ಕೆ ತಿರುಗಿಸಿ ಮಲಗಿದರೆ ಬೆಳಿಗ್ಗೆ ಹಾಕಿಕೊಳ್ಳಬಹುದಾದ ಪ್ಯಾಂಟು ಸಿಗುತ್ತದೆ. ಸೊಂಟದ ಪಟ್ಟಿ ಮಾತ್ರ ಸ್ವಲ್ಪ ತಣ್ಣಗಿರುತ್ತದೆ.

ಇಷ್ಟು ಹೊಗಳಿದ ಮೇಲೆ ಕೌಂಟರಿನ ಮುಂದೆ ನಿಲ್ಲಲೇಬೇಕು. “ರೂಂ ಇದೆಯಾ?” ಎಂಬ ಪ್ರಶ್ನೆಗೆ ಉತ್ತರವಾಗಿ ಬರುವುದು “ಎಷ್ಟು ಜನ? ಫ್ಯಾಮಿಲಿನಾ?” ಎಂಬ ಇನ್ನೊಂದು ಪ್ರಶ್ನೆ. ಇದೇ ಜಿಲ್ಲೆಯ ಆಧಾರ್ ಕಾರ್ಡ್ ತೋರಿಸಿದರೆ ಅನುಮಾನ. ಒಬ್ಬಳೇ ಬಂದ ಹೆಂಗಸಾದರೆ ಎರಡು ನಿಮಿಷದ ಮೌನ, ಆಮೇಲೆ “ಫುಲ್ ಆಗಿದೆ ಮೇಡಂ”, ಹಿಂದಿನ ಹಲಗೆಯಲ್ಲಿ ಕೀಲಿಗಳು ಸಾಲಾಗಿ ತೂಗುತ್ತಿದ್ದರೂ. ಮದುವೆಯಾಗದ ಗಂಡು ಹೆಣ್ಣು ಒಂದೇ ರೂಮಿನಲ್ಲಿ ಉಳಿಯಬಾರದೆಂಬ ಕಾನೂನು ಇಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿದೆ. ಒಬ್ಬಂಟಿ ಹೆಂಗಸಿಗೆ ರೂಂ ಕೊಡಬಾರದೆಂಬ ಕಾನೂನಂತೂ ಎಂದೂ ಇರಲಿಲ್ಲ. ಮ್ಯಾನೇಜರಿಗೆ ಇರುವುದು ಪೊಲೀಸರ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ಅಭ್ಯಾಸ. ಗಂಡಸರ ವ್ಯವಹಾರಕ್ಕಾಗಿ ಹುಟ್ಟಿದ ಜಾಗ ಇನ್ನೂ ಆ ಗುಂಗಿನಿಂದ ಹೊರಬಂದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ಕೊರತೆ ಎದ್ದು ಕಾಣುತ್ತಿದೆ. ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಪ್ರಯಾಣ ಮಾಡಬಹುದೆಂದಾದ ಮೇಲೆ ಅಕ್ಕತಂಗಿಯರು, ಸಂಘದ ಗೆಳತಿಯರು ಗುಂಪುಗುಂಪಾಗಿ ಹೊರಟರು. ಪ್ರಯಾಣದ ಖರ್ಚು ಇಳಿಯಿತು, ರಾತ್ರಿಯ ಕಷ್ಟ ಇಳಿಯಲಿಲ್ಲ. ತೀರ್ಥಹಳ್ಳಿ ಕಡೆಗೆ ಓಡಾಡುವುದರಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾಗಿರುವುದರಿಂದ ಆ ದಾರಿಯಲ್ಲಿ ಟಿಕೆಟ್ ಕೊಳ್ಳದೆ ವಿಧಿಯಿಲ್ಲ ಎನ್ನುವುದು ಬೇರೆ ಮಾತು.

ಲಾಡ್ಜಿಗೆ ಬದಲಾಗಿ ಬೆಟ್ಟದ ಮೇಲೆಯೇ ಉಳಿಯುವುದಾದರೆ? ಕೊಡಚಾದ್ರಿಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಬಳಿ, ಅರ್ಚಕರ ಮನೆಯಲ್ಲಿ ಊಟ ಮಾಡಿ ಚಾಪೆ ಹಾಸಿ ಮಲಗಿದ ಚಾರಣಿಗರ ತಲೆಮಾರುಗಳೇ ಇವೆ. ಆಗುಂಬೆಯಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆ ಬಂದವರಿಗೆ ಊಟ ಹಾಕಿ, ಇಂತಿಷ್ಟೆಂದು ಕೇಳದೆ, ಕೊಟ್ಟಷ್ಟನ್ನು ತೆಗೆದುಕೊಳ್ಳುವ ಪದ್ಧತಿಗೆ ಹೆಸರಾಯಿತು. ಇವುಗಳ ಮುಂದೆ ಯಾವ ಲಾಡ್ಜೂ ಸಪ್ಪೆ. ಆದರೆ ಇದನ್ನು ಮಾದರಿ ಎಂದು ಎತ್ತಿ ಹಿಡಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆ ಅಗ್ಗದ ಹಿಂದೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ಒಂದು ಮನೆಯ ಹೆಂಗಸರ ದುಡಿಮೆ ಇದೆ. ಕೊಟ್ಟಷ್ಟು ಎಂದಾಗ ಕಡಿಮೆ ಕೊಟ್ಟು ಹೋಗುವವರೇನೂ ಅಪರೂಪವಲ್ಲ. ಅದು ಒಂದು ಮನೆತನದ ದೊಡ್ಡತನ, ಅದನ್ನು ಒಂದು ಊರಿನ ವ್ಯವಸ್ಥೆಯನ್ನಾಗಿ ಮಾಡಲಾಗದು.

ಅದರ ನಕಲಾಗಿ ಬಂದ ಹೋಂ ಸ್ಟೇಗಳ ಕತೆ ಬೇರೆ. ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದು ಒಂದೆರಡು ಕೋಣೆ ಕೊಡುವುದು ಹೋಂ ಸ್ಟೇಯ ಮೂಲ ಕಲ್ಪನೆ. ಹಾಗಿರುವ ಕಡೆ ಅಕ್ಕಿರೊಟ್ಟಿ, ಕೆಸುವಿನ ಪತ್ರೊಡೆ, ನಾಳೆ ಯಾವ ದಾರಿ ಹಿಡಿಯಬೇಕೆಂಬ ಸಲಹೆ ಎಲ್ಲವೂ ಸಿಗುತ್ತವೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಾಲೀಕ ಬೆಂಗಳೂರಿನಲ್ಲಿದ್ದು, ಮ್ಯಾನೇಜರ್ ಒಬ್ಬ ರಾತ್ರಿ ಕ್ಯಾಂಪ್ ಫೈರ್ ಹಾಕಿ ಡಿಜೆ ಹಚ್ಚುವ ಕಡೆ ಬೆಟ್ಟವೂ ಇಲ್ಲ, ನಿದ್ದೆಯೂ ಇಲ್ಲ. ಇವನ್ನೆಲ್ಲ ಒಂದೇ ಹೆಸರಿನಲ್ಲಿ ಮಾರುವುದೇ ದೊಡ್ಡ ದೋಷ.

ಹಾಗಾದರೆ ಶಿವಮೊಗ್ಗದ ರೂಮು ಯಾರಿಗೆ? ಪೇಟೆಗೆ ಹತ್ತಿರದ ಸಕ್ರೆಬೈಲು, ಗಾಜನೂರು, ತ್ಯಾವರೆಕೊಪ್ಪ, ಮಂಡಗದ್ದೆ ಇಷ್ಟನ್ನು ನೋಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಜೋಗಕ್ಕೆಂದೇ ಬರುವವರು ಇಲ್ಲಿ ಇಳಿಯುವುದು ಶುದ್ಧ ದಂಡ. ತಾಳಗುಪ್ಪದವರೆಗೆ ಹೋಗುವ ರಾತ್ರಿ ರೈಲಿದೆ, ಬರ್ತೇ ಹಾಸಿಗೆ, ಬೆಳಿಗ್ಗೆ ಇಳಿದರೆ ಜೋಗ ಅಲ್ಲಿಂದ ಹತ್ತಿರ. ಉಳಿಯಲೇಬೇಕೆಂದರೆ ಸಾಗರದಲ್ಲಿ ಉಳಿಯಬೇಕು. ಆಗುಂಬೆಯ ಸೂರ್ಯಾಸ್ತ ನೋಡುವವರು ತೀರ್ಥಹಳ್ಳಿಯಲ್ಲಿ ರೂಂ ಹಿಡಿಯಲಿ. ಸೂರ್ಯ ಮುಳುಗಿದ ಮೇಲೆ ತೊಂಬತ್ತು ಕಿಲೋಮೀಟರ್ ಕತ್ತಲೆಯಲ್ಲಿ ವಾಪಸು ಬಂದರೆ ಉಳಿಸಿದ ಇನ್ನೂರು ರೂಪಾಯಿಯ ಹತ್ತರಷ್ಟು ಸುಸ್ತು.

ಭದ್ರಾವತಿಯದು ಇದಕ್ಕೆ ಉಲ್ಟಾ ಪರಿಸ್ಥಿತಿ. ಬೆಟ್ಟಕ್ಕೆ ಹತ್ತಿರ, ವಸತಿಗೆ ದೂರ. ಭದ್ರಾ ಅಣೆಕಟ್ಟಿನ ಲಕ್ಕವಳ್ಳಿ, ಅದರಾಚೆಯ ಹುಲಿ ಕಾಡು, ತರೀಕೆರೆ ದಾಟಿದರೆ ಕೆಮ್ಮಣ್ಣುಗುಂಡಿ, ಎಲ್ಲಕ್ಕೂ ಶಿವಮೊಗ್ಗಕ್ಕಿಂತ ಇದೇ ಸರಿಯಾದ ಮೆಟ್ಟಿಲು. ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜ್ ಇದೆ, ಚೆಂದವಾಗಿಯೇ ಇದೆ, ಆದರೆ ಅದು ತಲೆಗೆ ಇಷ್ಟೆಂದು ಸಾವಿರಗಳಲ್ಲಿ ಎಣಿಸುವ ಜಾಗ. ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳಿವೆ. 1434 ಮೀಟರ್ ಎತ್ತರದ ಆ ಜಾಗವನ್ನು ಮೀರಿಸುವ ಜಾಗ ಸುತ್ತಲೆಲ್ಲೂ ಇಲ್ಲ. ಸ್ವಂತ ವಾಹನ ಇಲ್ಲದವರಿಗೆ ಮಾತ್ರ ಹೋಗುವುದೂ ಕಷ್ಟ, ಬರುವುದೂ ಕಷ್ಟ. ಆ ಗುಡ್ಡಕ್ಕೂ ಈ ಊರಿಗೂ ಒಂದು ಕಾಲದಲ್ಲಿ ದಿನದಿನದ ನಂಟಿತ್ತು. ವಿಶ್ವೇಶ್ವರಯ್ಯನವರು ಇಲ್ಲಿ ಕಟ್ಟಿಸಿದ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಅಲ್ಲಿಂದಲೇ, ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು. ಈಗ ಊರಿನ ಕಾಗದದ ಕಾರ್ಖಾನೆ ಮುಚ್ಚಿದೆ. ಆ ಕಬ್ಬಿಣ-ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದು, ಕಾರ್ಮಿಕರು ಬೀದಿಗಿಳಿದು, ಅಂದಿನಿಂದ ಅದು ಕುಂಟುತ್ತ ಸಾಗಿದೆ. ಹೊರಗಿನ ಇಂಜಿನಿಯರುಗಳಿಗಾಗಿ ಅತಿಥಿಗೃಹ ಕಟ್ಟಿ, ಅಡುಗೆಯವರನ್ನು ಇಟ್ಟು, ಬಂದವರನ್ನು ನೋಡಿಕೊಳ್ಳುವ ಕಲೆ ಗೊತ್ತಿದ್ದ ಊರಿನಲ್ಲಿ ಈಗ ಎಷ್ಟೋ ಕ್ವಾರ್ಟರ್ಸುಗಳ ಬಾಗಿಲಿಗೆ ಬೀಗ, ಅಂಗಳದಲ್ಲಿ ಲಂಟಾನ. ಎತ್ತರದ ಮಾಡು, ಗಾಳಿಯಾಡುವ ಕಿಟಕಿ, ಬಟ್ಟೆ ಹರವಲು ಹಿಂದೆ ಜಗಲಿ, ಎಲ್ಲವೂ ಅಲ್ಲಿವೆ. ಅವುಗಳಲ್ಲಿ ಹತ್ತನ್ನು ರಿಪೇರಿ ಮಾಡಿ, ಬಿಸಿನೀರಿನ ವ್ಯವಸ್ಥೆ ಮಾಡಿ, ಬೆಳಿಗ್ಗೆ ಆರಕ್ಕೆ ಲಕ್ಕವಳ್ಳಿಗೂ ಏಳಕ್ಕೆ ಕೆಮ್ಮಣ್ಣುಗುಂಡಿಗೂ ಒಂದೊಂದು ಬಸ್ಸು ಬಿಟ್ಟರೆ, ಒಬ್ಬಳೇ ಬಂದವಳಿಗೂ ಕೇಳಿದ ಕೂಡಲೇ ಕೀಲಿ ಕೊಡುವ ಮ್ಯಾನೇಜರನ್ನು ಕೂರಿಸಿದರೆ, ಶಿವಮೊಗ್ಗದ ಲಾಡ್ಜುಗಳಿಗೆ ಮೊದಲ ಸಲ ಒಂದು ಸರಿಯಾದ ಪೈಪೋಟಿ ಹುಟ್ಟುತ್ತದೆ.