ಸಂಧಾನ ಫಲಿಸಬಹುದಾದ ಆಟ

ಗೌರಿಬಿದನೂರು, ಚಿಂತಾಮಣಿ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವವರು ಪಾತ್ರಕ್ಕೆ ಕೈಯಿಂದಲೇ ದುಡ್ಡು ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಹಾಡು, ಮಾತು ಕಲಿತು ಒಂದು ರಾತ್ರಿಯ ಮಟ್ಟಿಗೆ ದುರ್ಯೋಧನನಾಗುತ್ತಾರೆ. ಬೇರೊಬ್ಬನಾಗುವ ಆಸೆ ಇಷ್ಟು ಬಲವಾಗಿರುವ ನೆಲಕ್ಕೆ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಸಲೀಸಾಗಿ ಒಗ್ಗಬೇಕು.

ಈ ಬಗೆಯ ಆಟಕ್ಕೆ ದಾರಿ ಹಾಕಿದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ 1974ರಲ್ಲಿ ತಂದದ್ದು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಘಟ್ಟದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ನಾಟಕದ ಕೃಷ್ಣ ಎಷ್ಟು ಚೆನ್ನಾಗಿ ಹಾಡಿದರೂ ರಾಯಭಾರ ಮುರಿಯಲೇಬೇಕು. ಇಲ್ಲಿ ಅದು ಫಲಿಸಬಹುದು! ದುರ್ಯೋಧನನಾಗಿ ಕೂತವನು ಎದುರಿನವರ ಮಾತಿಗೆ ಕರಗಿ ಐದು ಊರು ಕೊಟ್ಟುಬಿಟ್ಟರೆ ಮುಂದೇನೆಂದು ಅಲ್ಲಿದ್ದ ಯಾರಿಗೂ ಗೊತ್ತಿರುವುದಿಲ್ಲ. ಈ ಆಟದ ನಿಜವಾದ ಖುಷಿ ಅದೇ.

ನಮ್ಮಲ್ಲಿ ಕಥೆಗೆ ಬರವಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ ಎನ್ನುತ್ತದೆ ಸ್ಥಳಪುರಾಣ. ಬಕಾಸುರನಿಗೆ ಬಂಡಿ ಅನ್ನ, ಅದರ ಜೊತೆಗೊಬ್ಬ ಮನುಷ್ಯ. ಭೀಮ ಇನ್ನೂ ಬಂದಿಲ್ಲವೆಂದಿಟ್ಟುಕೊಳ್ಳೋಣ. ಆಡುವವರೆಲ್ಲ ಊರಿನ ಸಾಮಾನ್ಯರು: ಕುಂಬಾರ, ಸೂಲಗಿತ್ತಿ, ಬಂಡಿ ಹೊಡೆಯುವ ಹುಡುಗ. ಸರದಿ ಯಾರ ಮನೆಯದು? ಅನ್ನಕ್ಕೆ ವಿಷ ಬೆರೆಸುವುದೋ, ರಾತ್ರೋರಾತ್ರಿ ಊರು ಬಿಡುವುದೋ, ಅಥವಾ ಬಕನ ಜೊತೆಗೇ ಈ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಚೌಕಾಸಿಗಿಳಿಯುವುದೋ? ಗೌರಿಬಿದನೂರಿನ ವಿದುರಾಶ್ವತ್ಥವೂ ಹೀಗೆಯೇ ಕಾದಿದೆ. ಯುದ್ಧ ತಡೆಯಲು ಹೆಣಗಿದ ವಿದುರನ ಮಾತಿಗೆ ಈ ಸಲ ಬೆಲೆ ಸಿಕ್ಕೀತೇನೋ.

ಇಂಥ ಕಥೆಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಸರಿಯಾದ ಪಾತ್ರೆಯಲ್ಲ. ಅದರ ದಪ್ಪ ಇಂಗ್ಲಿಷ್ ಪುಸ್ತಕಗಳಲ್ಲಿ ಹೆಚ್ಚಿನ ನಿಯಮಗಳು ಹೊಡೆದಾಟಕ್ಕೇ ಮೀಸಲು. ಒಂದು ಕಾಳಗ ಗಂಟೆಗಟ್ಟಲೆ ಎಳೆದು, ತನ್ನ ಸರದಿಗೆ ಕಾದು ಕೂತವನ ಉತ್ಸಾಹ ಇಂಗಿಹೋಗುತ್ತದೆ. ಜಾನ್ ಹಾರ್ಪರ್ ಬರೆದ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ಇದಕ್ಕಿಂತ ಎಷ್ಟೋ ಮೇಲು. ನಿಯಮವೆಲ್ಲ ಒಂದೇ ಪುಟ, ಲೂಡೋ ದಾಳಗಳೇ ಸಾಕು. ಅದು ಬಾಹ್ಯಾಕಾಶದ ಕಥೆ ನಿಜ, ಆದರೆ ಆ ಒಂದು ಪುಟವನ್ನು ಕೈವಾರಕ್ಕೆ ತಿದ್ದಿಕೊಳ್ಳಲು ಒಂದು ಸಂಜೆ ಸಾಕು.

ಇನ್ನು ಆಟಗಾರರ ಸಮ್ಮೇಳನಗಳು. ಅಮೆರಿಕದ ಲೇಕ್ ಜಿನೀವಾದಲ್ಲಿ 1968ರಲ್ಲಿ ಶುರುವಾದ ಜೆನ್‌ಕಾನ್ ಇಂದಿಗೂ ನಡೆಯುತ್ತಿದೆ. ಪುಸ್ತಕ ಕೊಳ್ಳದೆ, ಸಿದ್ಧ ಪಾತ್ರ ಹಿಡಿದು, ಗುರುತಿಲ್ಲದವರ ಜೊತೆ ಕೆಲವು ಗಂಟೆ ಆಡಿ ನೋಡಬಹುದು ಎಂಬುದೇ ಇಂಥ ಕೂಟಗಳ ದೊಡ್ಡ ಗುಣ. ಪಾತ್ರ ಮಾಗುವಷ್ಟು ಹೊತ್ತು ಮಾತ್ರ ಅಲ್ಲಿ ಸಿಗದು. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ‘ಕ್ರೀಡಾ ಕೌಶಲ್ಯ’ ಪ್ರದರ್ಶನ. ಚೌಕಾಬಾರ, ಪಗಡೆ, ಅಳಗುಳಿಮಣೆಗಳಿಗೆ ಅದು ಮತ್ತೆ ಮರ್ಯಾದೆ ತಂದುಕೊಟ್ಟಿತು. ಆ ಹಾಸುಗಳ ಪಕ್ಕದಲ್ಲಿ ಕಥೆ ಆಡುವ ಮೇಜೂ ಒಂದಿರಲಿ ಎನ್ನುವುದು ನನ್ನ ಆಸೆ.

ಶಿಡ್ಲಘಟ್ಟದಲ್ಲೋ ಚಿಕ್ಕಬಳ್ಳಾಪುರದಲ್ಲೋ ಇದು ಶುರುವಾಗುವುದಾದರೆ ಕಥೆ ನಡೆಸಲು ನಾಟಕದ ಮೇಷ್ಟ್ರನ್ನೇ ಕರೆಯಬೇಕು. ಯಾರಿಗೆ ಯಾವ ಪಾತ್ರ ಒಪ್ಪುತ್ತದೆ, ಹಿಂಜರಿಯುವವನ ಬಾಯಿ ಬಿಡಿಸುವುದು ಹೇಗೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಬರೆದ ಮಾತನ್ನು ಬಿಟ್ಟುಕೊಡುವುದೊಂದನ್ನು ಅವರು ಹೊಸದಾಗಿ ಕಲಿಯಬೇಕಾದೀತು.