ನ್ಯಾಸಾಪಹಾರ ಮತ್ತು ಪೊಲೀಸ್ ಕ್ಯಾಮರಾ

ಸತ್ಯಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ನಾಲ್ಕನೆಯದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವ ರೀತಿ ಬಹು ಸೂಕ್ಷ್ಮವಾದದ್ದು. ಒಬ್ಬನು ಹೊನ್ನು ಮೊದಲಾದುದನ್ನು ಮತ್ತೊಬ್ಬನಲ್ಲಿ ಇಟ್ಟಿರುತ್ತಾನೆ. ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಅಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಕೊಟ್ಟದ್ದೆಲ್ಲವೂ ನಿಜವಾದ ಹೊನ್ನೇ. ದೋಷವಿರುವುದು ಕೊಡದೆ ಉಳಿಸಿಕೊಂಡದ್ದರಲ್ಲಿ. ಶ್ರಾವಕರು ಬಹುಕಾಲದಿಂದ ವ್ಯಾಪಾರಿಗೆ ಹೇಳಿದ ವಿಧಿಯೆಂದು ಕೇಳಿಕೊಂಡು ಬಂದಿರುವ ಈ ಮಾತು ಇಂದು ಪೊಲೀಸ್ ಇಲಾಖೆಯ ಕ್ಯಾಮರಾಗಳಿಗೆ ಅಕ್ಷರಶಃ ಅನ್ವಯಿಸುತ್ತದೆ.

ಪೊಲೀಸರ ಎದೆಯ ಮೇಲಿನ ಕ್ಯಾಮರಾ, ಠಾಣೆಯ ಗೋಡೆಯ ಮೇಲಿನ ಕ್ಯಾಮರಾ ಎರಡೂ ಸಾರ್ವಜನಿಕರ ಹಣದಿಂದ ಬಂದವು. ಅವು ಸೆರೆಹಿಡಿಯುವ ದೃಶ್ಯಾವಳಿಯು ಪ್ರಜೆಗಳು ರಾಜ್ಯದಲ್ಲಿ ಇಟ್ಟ ನ್ಯಾಸ. ಆದರೆ ಎಷ್ಟು ಗಂಟೆಗಳ ದೃಶ್ಯವಿದೆ, ಯಾವ ಕೋನದ್ದಿದೆ, ಯಾವುದು ಅಳಿಸಿಹೋಗಿದೆ ಎಂಬುದು ಇಟ್ಟವರಿಗೆ ತಿಳಿಯದು. ಇಟ್ಟುಕೊಂಡವರು ತೋರಿಸಿದಷ್ಟೇ ಲೆಕ್ಕ.

ನಮ್ಮ ನಾಡಿನಲ್ಲೇ ಇದರ ಉದಾಹರಣೆ ಇದೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧ ನಡೆದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಕೆಲವೇ ದಿನಗಳಲ್ಲಿ ಪೊಲೀಸರು ಸಿಸಿಟಿವಿಯ ಆಯ್ದ ತುಣುಕುಗಳನ್ನು ಬಿಡುಗಡೆ ಮಾಡಿದರು. ಅವುಗಳಲ್ಲಿ ಗುಂಪು ಕಲ್ಲುಗಳನ್ನು ತರಿಸಿಕೊಳ್ಳುವ ದೃಶ್ಯವಿತ್ತು. 2020ರ ಜನವರಿಯಲ್ಲಿ ಮಾಜಿ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರು ಬೇರೆ ತುಣುಕುಗಳ ಸಿ.ಡಿ.ಯೊಂದನ್ನು ಬಿಡುಗಡೆ ಮಾಡಿದರು. ಅವುಗಳಲ್ಲಿ ದೋಷ ಪೊಲೀಸರ ಕಡೆ ಕಾಣುತ್ತಿತ್ತು. ನಾಡಿನ ಜನ ಎರಡು ಪಾಲಾಗಿ ತಮಗೊಪ್ಪಿದ ತುಣುಕನ್ನು ನಂಬಿದರು. ಫೆಬ್ರವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು 21 ಮಂದಿ ಆರೋಪಿಗಳಿಗೆ ಜಾಮೀನು ನೀಡುತ್ತ, ತನಿಖೆಯು ದುರುದ್ದೇಶದ್ದೂ ಪಕ್ಷಪಾತದ್ದೂ ಆಗಿ ತೋರುತ್ತದೆಂದು ಅಭಿಪ್ರಾಯಪಟ್ಟಿತು. ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಸೆಪ್ಟೆಂಬರಿನಲ್ಲಿ ತಾನೇ ಜಾಮೀನು ನೀಡಿತು.

ಎರಡೂ ಕಡೆಯ ತುಣುಕುಗಳು ಸುಳ್ಳಾಗಿರಬೇಕಿಲ್ಲ. ಒಂದೊಂದೂ ಒಂದೊಂದು ನಯ. ಕಲ್ಲು ತಂದದ್ದೂ ಇರಬಹುದು, ಪೊಲೀಸರು ಮಿತಿ ಮೀರಿದ್ದೂ ಇರಬಹುದು. ಒಂದನ್ನು ತೋರಿಸಿ ಮತ್ತೊಂದು ಇಲ್ಲವೇ ಇಲ್ಲವೆಂದಾಗ ನಯವು ದುರ್ನಯವಾಗುತ್ತದೆ. ಆದರೂ ಇಬ್ಬರ ಹೊಣೆ ಒಂದೇ ತೂಕದ್ದೆಂದು ಹೇಳಲಾಗದು. ರಾಜಕಾರಣಿಯು ತನ್ನ ಕೈಗೆ ಸಿಕ್ಕಿದ್ದನ್ನು ತೋರಿಸಿದ. ಪೊಲೀಸ್ ಇಲಾಖೆಯ ಕೈಯಲ್ಲಿ ಊರಿನ ಬಹುಪಾಲು ಕ್ಯಾಮರಾಗಳ ದೃಶ್ಯ ಇತ್ತು. ಅದರಿಂದ ಆರಿಸಿ ತೆಗೆದು ತೋರಿಸುವಾಗ ಆರಿಸಿದ ಕ್ರಮವನ್ನೂ ಹೇಳಬೇಕಾಗಿತ್ತು.

ದೃಶ್ಯಾವಳಿ ಹೊರಬರುವ ಇನ್ನೊಂದು ಬಗೆಯನ್ನು ನೆರೆಯ ಕೇರಳ ತೋರಿಸಿದೆ. ತ್ರಿಶೂರು ಜಿಲ್ಲೆಯ ಕುನ್ನಂಕುಳಂ ಠಾಣೆಯಲ್ಲಿ 2023ರ ಏಪ್ರಿಲಿನಲ್ಲಿ ಯುವಕನೊಬ್ಬನನ್ನು ಥಳಿಸಲಾಯಿತು. ಕರ್ತವ್ಯಕ್ಕೆ ಅಡ್ಡಿಪಡಿಸಿದನೆಂದು ಅವನ ಮೇಲೆಯೇ ಮೊಕದ್ದಮೆ ಹೂಡಲಾಯಿತು. ಠಾಣೆಯ ದೃಶ್ಯಾವಳಿಯನ್ನು ಅವನು ಮಾಹಿತಿ ಹಕ್ಕಿನಡಿ ಕೇಳಿದಾಗ ಪೊಲೀಸರು ನಿರಾಕರಿಸಿದರು. ರಾಜ್ಯ ಮಾಹಿತಿ ಆಯೋಗದ ಮಧ್ಯಪ್ರವೇಶದಿಂದ ಅದು 2025ರಲ್ಲಿ ಅವನ ಕೈ ಸೇರಿ ಸೆಪ್ಟೆಂಬರಿನಲ್ಲಿ ಲೋಕಕ್ಕೆ ಕಂಡಿತು. ಅದಾದ ಮೇಲೆಯೇ ನಾಲ್ವರು ಪೊಲೀಸರು ಅಮಾನತಾದರು. ಆ ಎರಡು ವರ್ಷಕ್ಕೂ ಹೆಚ್ಚು ಕಾಲ ದೃಶ್ಯ ಇದ್ದದ್ದು ಇಲಾಖೆಯ ವಶದಲ್ಲೇ. ಅಮೆರಿಕದ ಶಿಕಾಗೊ ನಗರದಲ್ಲಿಯೂ ಹೀಗೆಯೇ: 2014ರ ಅಕ್ಟೋಬರಿನಲ್ಲಿ ಪೊಲೀಸನೊಬ್ಬ 17 ವರ್ಷದ ಹುಡುಗನಿಗೆ 16 ಗುಂಡು ಹಾರಿಸಿದ ದೃಶ್ಯ ಹೊರಬಂದದ್ದು ನ್ಯಾಯಾಲಯದ ಆದೇಶದ ಮೇಲೆ, 13 ತಿಂಗಳ ನಂತರ. ಇಂಥ ದೃಶ್ಯಗಳನ್ನು ಸಾಮಾನ್ಯವಾಗಿ 60 ದಿನಗಳೊಳಗೆ ಪ್ರಕಟಿಸುವ ನಿಯಮವನ್ನು ಆ ನಗರ 2016ರಲ್ಲಿ ಮಾಡಿಕೊಂಡಿತು. ನಮ್ಮಲ್ಲಿ ಅಂಥ ಅವಧಿಯ ನಿಯಮವಿಲ್ಲ.

ನಮ್ಮಲ್ಲಿರುವುದು 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು. ಅದು ಉದಾರವಾದ ತೀರ್ಪು. ಆದ್ದರಿಂದಲೇ ಅದರ ಬಿರುಕುಗಳನ್ನು ಹೇಳುವುದು ಅಗತ್ಯ. ಪ್ರತಿ ಠಾಣೆಯ ಬಾಗಿಲು, ಲಾಕಪ್, ಮೊಗಸಾಲೆ, ಅಧಿಕಾರಿಯ ಕೊಠಡಿಗಳಲ್ಲಿ ಧ್ವನಿಸಹಿತ ಕ್ಯಾಮರಾ ಇರಬೇಕೆಂದೂ, ದೃಶ್ಯವನ್ನು 18 ತಿಂಗಳು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದೂ ಅದು ವಿಧಿಸಿತು. ಆದರೆ ಠಾಣೆಯ ಬಾಗಿಲಲ್ಲಿ ಹಾಕಬೇಕಾದ ಫಲಕದ ಮಾತು ಬಂದಾಗ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಉಳಿಸಲಾಗುವುದೆಂದು ಬರೆದರೆ ಸಾಕೆಂದಿತು. ಇಟ್ಟದ್ದು ಹದಿನೆಂಟು, ಇಟ್ಟವನಿಗೆ ತಿಳಿಸುವುದು ಆರು. ಪೂಜ್ಯಪಾದರ ದೃಷ್ಟಾಂತ ಇಲ್ಲಿ ಮತ್ತೆ ನೆನಪಾಗದಿರದು.

ಇದರ ಫಲವನ್ನು ದೊಡ್ಡ ನಗರಗಳಲ್ಲಿ ನೋಡುವುದಕ್ಕಿಂತ ಗಾದಿಗನೂರಿನಂಥ ಊರಿನಲ್ಲಿಟ್ಟು ನೋಡಬೇಕು. ಹೊಸಪೇಟೆಯಿಂದ ತೋರಣಗಲ್ಲು, ಬಳ್ಳಾರಿಗಳಿಗೆ ಹೋಗುವ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳು. ರಾತ್ರಿ ತಡೆದು ನಿಲ್ಲಿಸಿದ ಚಾಲಕನೊಬ್ಬ ತನ್ನನ್ನು ಹೊಡೆದರೆಂದು ಹೇಳುತ್ತಾನೆಂದು ಭಾವಿಸೋಣ. ತೀರ್ಪಿನ ಪ್ರಕಾರ ಠಾಣೆಯ ಕ್ಯಾಮರಾ ಕೆಟ್ಟಿದೆಯೇ ಸರಿಯಿದೆಯೇ ಎಂಬ ಹೊಣೆ ಠಾಣಾಧಿಕಾರಿಯದೇ. ಅದರ ಮೇಲಿನ ಜಿಲ್ಲಾ ಸಮಿತಿಯಲ್ಲಿ, ಅಂದರೆ 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆಯಲ್ಲಿ, ಜಿಲ್ಲಾಧಿಕಾರಿಯವರ ಜೊತೆಗೆ ಪೊಲೀಸ್ ವರಿಷ್ಠಾಧಿಕಾರಿಯೂ ಸದಸ್ಯರು. ಯಾರೂ ದೂರು ಕೊಡದಿದ್ದರೂ ದೃಶ್ಯಾವಳಿಯನ್ನು ತಾನೇ ಪರಿಶೀಲಿಸುವ ಕರ್ತವ್ಯ ಈ ಸಮಿತಿಗಿದೆ. ಹಾಗೆ ಪರಿಶೀಲಿಸಿದ್ದರ ವರದಿಯನ್ನು ಜನರ ಮುಂದಿಡಬೇಕೆಂಬ ವಿಧಿ ಮಾತ್ರ ಇಲ್ಲ. ಹೆದ್ದಾರಿಯಲ್ಲೇ ಹೊಡೆದಿದ್ದರೆ ಠಾಣೆಯ ಕ್ಯಾಮರಾದಿಂದ ಏನೂ ತಿಳಿಯದು. ಎದೆಯ ಕ್ಯಾಮರಾ ಇದ್ದರೂ ಅದರ ಗುಂಡಿ ಧರಿಸಿದವನ ಬೆರಳಿನಲ್ಲೇ ಇರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಪ್ರಕರಣವು ಶೋಧನೆ ಮತ್ತು ಜಪ್ತಿಯ ದೃಶ್ಯವನ್ನು ವಿಳಂಬವಿಲ್ಲದೆ ದಂಡಾಧಿಕಾರಿಗೆ ಕಳುಹಿಸಬೇಕೆನ್ನುತ್ತದೆ. ಇಟ್ಟುಕೊಂಡವನ ಕೈಯಿಂದ ನ್ಯಾಸವನ್ನು ಬೇರೆಯವರ ಕೈಗೆ ದಾಟಿಸುವ ಈ ಕ್ರಮ ವಿವೇಕದ್ದು. ಬಲಪ್ರಯೋಗದ ದೃಶ್ಯಕ್ಕೂ ಅದೇ ಕ್ರಮ ಏಕಿಲ್ಲವೆಂಬುದಕ್ಕೆ ಶಾಸನದಲ್ಲಿ ಉತ್ತರ ದೊರೆಯದು.

ಹಾಗೆಂದು ಎಲ್ಲವನ್ನೂ ಬೀದಿಗೆ ತರಬೇಕೆನ್ನುವವರ ವಾದವೂ ಒಪ್ಪತಕ್ಕದ್ದಲ್ಲ. ಪರರ ಗುಟ್ಟನ್ನು ಹೊರಗೆಡಹುವ ರಹೋಭ್ಯಾಖ್ಯಾನವೂ ಅದೇ ವ್ರತದ ಅತಿಚಾರ. ಠಾಣೆಗೆ ಅಳುತ್ತ ಬಂದ ಹೆಣ್ಣುಮಗಳು, ಕಾಣೆಯಾಗಿ ಸಿಕ್ಕ ಮಗು, ಹೆದರಿಕೊಂಡೇ ಸಾಕ್ಷಿ ಹೇಳಲು ಬಂದ ನೆರೆಯವ, ಇವರೆಲ್ಲರೂ ಅದೇ ಕ್ಯಾಮರಾದಲ್ಲಿದ್ದಾರೆ. ಅವರ ಮುಖ ಊರೆಲ್ಲ ಹರಿದಾಡಿದರೆ ಆಗುವುದು ಹಿಂಸೆಯೇ. ಆದರೆ ಈ ಆತಂಕವು ನಿರಾಕರಣೆಗೆ ನೆಪವಾಗಬಾರದು. ಮಾಹಿತಿ ಹಕ್ಕು ಕಾಯಿದೆಯ 10ನೆಯ ಪ್ರಕರಣವು ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಲು ಅವಕಾಶವಿತ್ತಿದೆ. ಮುಖವನ್ನು ಮಸುಕುಗೊಳಿಸಿ ಕೊಡಬಹುದು. ಖಾಸಗಿತನದ ಮಾತೆತ್ತುವ ಇಲಾಖೆಗಳೇ ದೋಷ ಸಾಬೀತಾಗದ ಆರೋಪಿಯನ್ನು ಪತ್ರಕರ್ತರ ಮುಂದೆ ನಿಲ್ಲಿಸಿ ಚಿತ್ರ ತೆಗೆಸುವುದು ಅಪರೂಪವಲ್ಲ. ಖಾಸಗಿತನ ಯಾರದೆಂಬ ಪ್ರಶ್ನೆಗೆ ಇಲ್ಲಿ ಎರಡು ಅಳತೆಗೋಲುಗಳಿವೆ. ನ್ಯಾಯವಾದ ಕ್ರಮವೆಂದರೆ ಪೂರ್ಣ ದೃಶ್ಯ ಮೊದಲು ನೊಂದವನಿಗೆ ಅಥವಾ ಅವನ ಮನೆಯವರಿಗೆ. ಸಾವು ಅಥವಾ ತೀವ್ರ ಗಾಯವಾದ ಪ್ರಸಂಗದಲ್ಲಿ ಗೊತ್ತಾದ ಅವಧಿಯೊಳಗೆ ಸಾರ್ವಜನಿಕರಿಗೆ, ಎಷ್ಟರಲ್ಲಿ ಎಷ್ಟು ಕೊಟ್ಟಿದೆಯೆಂಬ ಪಟ್ಟಿಯೊಡನೆ.

ರಕ್ಷಣೆಯ ಲೆಕ್ಕವನ್ನು ಬಹಿರಂಗವಾಗಿಡುವುದು ಈ ಸೀಮೆಗೆ ಹೊಸದಲ್ಲ. 1368ರಲ್ಲಿ ಆನೆಗೊಂದಿ ಮೊದಲಾದ ಪಟ್ಟಣಗಳ ಜೈನರು ಬುಕ್ಕರಾಯನಲ್ಲಿ ದೂರಿತ್ತಾಗ ಅವನು ಜೈನರನ್ನೂ ಶ್ರೀವೈಷ್ಣವರನ್ನೂ ಕೂಡಿಸಿ ತೀರ್ಮಾನ ಮಾಡಿದ. ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣ, ಅದರಿಂದ ಬೆಳ್ಗೊಳದಲ್ಲಿ ಅಂಗರಕ್ಷೆಗೆ ಇಪ್ಪತ್ತು ಆಳು, ಉಳಿದ ಹಣ ಜೀರ್ಣ ಜಿನಾಲಯಗಳಿಗೆ ಎಂಬ ವಿವರವೆಲ್ಲ ಕಲ್ಲಿನ ಮೇಲೆ ಬಂತು. ಶ್ರವಣಬೆಳಗೊಳಕ್ಕೆ ಹೋದ ಯಾರೂ ಅದನ್ನು ನೋಡಬಹುದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಷಯ ಹೊರಗಿನದಲ್ಲ. ವಿಗ್ರಹಗಳ್ಳತನದ ಭಯದಿಂದ ಬಸದಿಗಳಿಗೂ ಕ್ಯಾಮರಾ ಬಂದಿದೆ. ಕಳವಾದಾಗ ಪೊಲೀಸರು ಮುದ್ರಣ ಪೆಟ್ಟಿಗೆಯನ್ನೇ ಒಯ್ದರೆ ಮಂಡಳಿಯ ಬಳಿ ಏನೂ ಉಳಿಯದು. ಕೊಡುವ ಮೊದಲು ಪ್ರತಿಯೊಂದನ್ನು ಮಾಡಿಟ್ಟುಕೊಂಡು ಅವಧಿ, ವೇಳೆಗಳನ್ನು ನಮೂದಿಸಿದ ರಸೀತಿಯನ್ನು ಪಡೆಯಬೇಕು. ಯಾತ್ರಿಕನೊಬ್ಬ ತನ್ನನ್ನು ಬಸದಿಯ ಕಾವಲುಗಾರ ತಳ್ಳಿದನೆಂದು ದೂರಿ ಆ ಹೊತ್ತಿನ ದೃಶ್ಯ ಕೇಳಿದರೆ ಮಂಡಳಿಯು ಎಷ್ಟು ದಿನದಲ್ಲಿ, ಯಾರ ಸಮ್ಮುಖದಲ್ಲಿ ತೋರಿಸುತ್ತದೆಂಬುದನ್ನು ಮುಂದಿನ ಸಭೆಯಲ್ಲೇ ಬರೆದಿಡಬಹುದು.